ಅವ್ವ ಹೇಳಿದ ಸಿನಿಮಾ

ನಮ್ಮೂರಿನ ಟಾಕೀಸು ಇದ್ದ ಜಾಗದಲ್ಲಿ ಈಗ ಶುಂಠಿ ತುಂಬಿಡುವ ಗೋದಾಮಿದೆ. ಅದರ ಮುಂದೆ ಹಾದುಹೋಗುವಾಗ ನನ್ನ ವಯಸ್ಸಿನವರು ಒಂದು ಗಳಿಗೆ ನಿಂತು, ಆ ಕಾಲ ಎಷ್ಟು ಚೆನ್ನಾಗಿತ್ತು ಎಂದು ನಿಟ್ಟುಸಿರು ಬಿಡುತ್ತಾರೆ. ನನಗೆ ಹಾಗೇನೂ ಅನಿಸುವುದಿಲ್ಲ. ಆ ಟಾಕೀಸಿನ ಗೋಡೆ ಎದ್ದ ದಿನವೇ ಕುಸಿದು ಬಿದ್ದಿದ್ದರೆ ನಮ್ಮ ಮನೆ ಉಳಿಯುತ್ತಿತ್ತು ಎಂದೇ ನಾನು ಇವತ್ತಿಗೂ ಅಂದುಕೊಳ್ಳುವುದು. ಹಾಗೆ ಅವರ ಮುಖಕ್ಕೇ ಹೇಳಿದರೆ ಅವರಿಗೆ ಬೇಸರ, ಹೇಳದೆ ನುಂಗಿಕೊಂಡರೆ ನನಗೆ ಸಂಕಟ. ಅದಕ್ಕೇ ಬರೆಯುತ್ತಿದ್ದೇನೆ.

ಕೊಡಗು ಇನ್ನೂ ತನ್ನ ಪಾಡಿಗೆ ತಾನೊಂದು ರಾಜ್ಯವಾಗಿದ್ದ ಕಾಲ ಅದು. ನಮ್ಮೂರು ಕುಶಾಲನಗರಕ್ಕೆ ಬರುವ ಬಸ್ಸಿನ ಬೋರ್ಡಿನ ಮೇಲೆ ಇನ್ನೂ ಇಂಗ್ಲಿಷ್ ದೊರೆಗಳು ಇಟ್ಟ ಹೆಸರೇ ಇತ್ತು. ಸೇತುವೆ ದಾಟಿದರೆ ಮೈಸೂರು ಸೀಮೆ. ಊರಿನಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಸಾಹುಕಾರರೊಬ್ಬರು ಮೈಸೂರಿಗೆ ಹೋಗಿ ಸಿನಿಮಾ ನೋಡಿ ಬಂದವರು, ಗಿರಣಿಯ ಪಕ್ಕದ ಭತ್ತದ ಗೋದಾಮಿಗೇ ಮಷೀನಿಡಲು ಒಂದು ಕೋಣೆ ಅಂಟಿಸಿ, ಒಳಗಿನ ಗೋಡೆಗೆ ಸುಣ್ಣ ಬಳಿಸಿ, ಟಾಕೀಸು ಅಂದರು. ಕರೆಂಟು ಊರಿಗೆ ಬಂದಿರಲಿಲ್ಲ. ಹಗಲು ಭತ್ತ ಕುಟ್ಟುವ ಆಯಿಲ್ ಇಂಜಿನ್ನಿನ ಬೆಲ್ಟನ್ನು ಸಂಜೆಗೆ ಡೈನಮೋಗೆ ಹಾಕಿದರೆ ಅದೇ ಇಂಜಿನ್ನು ಸಿನಿಮಾ ಓಡಿಸುತ್ತಿತ್ತು. ಪುತ್ತರಿ ಹಬ್ಬದ ಹೊತ್ತಿಗೆ ಹೊಸ ಭತ್ತ ಬಂದು ಬಿದ್ದಾಗ ಗಿರಣಿ ನಿಲ್ಲುವವರೆಗೆ ಆಟ ಶುರುವಾಗುತ್ತಿರಲಿಲ್ಲ. ಜನ ಹೊರಗೆ ಕಡಲೆಕಾಯಿ ತಿನ್ನುತ್ತ, ಯಾರ ಭತ್ತವೋ ಏನೋ ಎಂದು ಶಪಿಸುತ್ತ ಕಾಯುತ್ತಿದ್ದರು. ಒಳಗೆ ಯಾವಾಗಲೂ ತೌಡಿನ ವಾಸನೆ. ಮೇಲಿನ ಕಿಂಡಿಯಿಂದ ಬರುವ ಬೆಳಕಿನಲ್ಲಿ ತೌಡಿನ ಧೂಳು ಕುಣಿಯುತ್ತಿತ್ತು. ಆಟ ಮುಗಿಸಿ ಮನೆಗೆ ಹೋದವರು ತಲೆ ಕೊಡವಿಕೊಳ್ಳಬೇಕಾಗಿತ್ತು.

ಗಂಡಸರು ಬಂದರು. ಹೆಂಗಸರು ಬರಲಿಲ್ಲ. ಕತ್ತಲೆಯಲ್ಲಿ ಕೂರುವ ಜಾಗಕ್ಕೆ ಮನೆಯ ಹೆಣ್ಣುಮಕ್ಕಳನ್ನು ಕಳಿಸುವುದೇ? ಸಾಹುಕಾರರು ಗೋಣಿತಾಟು ಹೊಲಿಸಿ ನಡುವೆ ಪರದೆ ಕಟ್ಟಿಸಿದರು, ಹೆಂಗಸರ ಬದಿಗೆ ಬೇರೆ ಬಾಗಿಲು ತೆಗೆಸಿದರು. ಆಗಲೂ ಆ ಬದಿಯ ಚಾಪೆ ಖಾಲಿ. ಕೊನೆಗೆ ಅವರು ನಮ್ಮ ಮನೆಯ ಜಗಲಿಗೆ ಬಂದು ಕೂತರು.

ನಮ್ಮಪ್ಪ ಹಾಸನದ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದವನು, ನನಗೆ ಬುದ್ಧಿ ಬರುವ ಮೊದಲೇ ತೀರಿಹೋಗಿದ್ದ. ಅವ್ವ ನಮ್ಮಿಬ್ಬರು ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಹೇಗೋ ದಿನ ದೂಡುತ್ತಿದ್ದಳು. ಶ್ರಾವಣದಲ್ಲಿ ನೆರೆಹೊರೆಯ ಹೆಂಗಸರನ್ನು ಕೂರಿಸಿಕೊಂಡು ಪುರಾಣದ ಕಥೆ ಹೇಳುತ್ತಿದ್ದಳು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು, ಊರಿನಲ್ಲಿ ಅವಳ ಬಗ್ಗೆ ಒಂದು ಕೆಟ್ಟ ಮಾತು ಆಡುವವರಿರಲಿಲ್ಲ. ಇನ್ನೊಂದು ಸಂಗತಿ ಸಾಹುಕಾರರಿಗೆ ಗೊತ್ತಿತ್ತು. ಅವ್ವ ಹುಟ್ಟಿದ್ದು ಪಾಲಿಬೆಟ್ಟದಲ್ಲಿ. ಅವಳಪ್ಪ ಅಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಲೈನ್‌ಮನೆಗಳ ತಮಿಳು ಕೂಲಿಗಳ ಮಕ್ಕಳ ಜೊತೆ ಆಡಿ ಬೆಳೆದ ಅವಳಿಗೆ ತಮಿಳು ಕನ್ನಡದಷ್ಟೇ ಸಲೀಸು. ನಮ್ಮ ಟಾಕೀಸಿಗೆ ಬರುತ್ತಿದ್ದದ್ದು ಹೆಚ್ಚಾಗಿ ತಮಿಳು ಚಿತ್ರಗಳೇ.

"ನೀವು ಬಾಗಿಲಲ್ಲಿ ಕುಂತ್ರೆ ಸಾಕು ಅಕ್ಕಾ, ಊರ ಹೆಣ್ಮಕ್ಳು ತಾವಾಗೇ ಬತ್ತರೆ. ಒಳಗೆ ಅವ್ರಿಗೆ ಒಂಚೂರು ಕತೆ ಬಿಡಿಸಿ ಹೇಳಿದ್ರಾಯ್ತು" ಅಂದರು ಸಾಹುಕಾರರು.

"ಮಾನ ಮರ್ವಾದೆ ಇರೋ ಜಾಗ ಅಂದ್ರೆ ಬತ್ತೀನಿ" ಅಂದಳು ಅವ್ವ.

"ನೀವು ಕುಂತ ಮ್ಯಾಲೆ ಮರ್ವಾದೆ ಇಲ್ದೆ ಇನ್ನೇನು?"

ಸಾಹುಕಾರರು ಹೇಳಿದ್ದು ಸುಳ್ಳಾಗಲಿಲ್ಲ. ಅವ್ವ ಕೂತಳು, ಹೆಂಗಸರು ಬಂದರು. ಮೊದಲು ಮುದುಕಿಯರು, ಆಮೇಲೆ ಅವರ ಹಿಂದೆ ಸೆರಗು ಹೊದ್ದ ಸೊಸೆಯರು. ಅವ್ವನಿಗೆ ಸಿಕ್ಕುತ್ತಿದ್ದದ್ದು ಗಿರಣಿಯ ನುಚ್ಚು. ಅದರಲ್ಲೇ ನಮ್ಮ ಮೂರು ಹೊಟ್ಟೆ ತುಂಬುತ್ತಿತ್ತು. ಹೆಂಗಸರಿಗೆ ಕುಡಿಯಲು ನೀರು ಬೇಕೆಂದು ಅಕ್ಕ ಮನೆಯಿಂದ ಒಂದು ತಾಮ್ರದ ಬಿಂದಿಗೆ ಹೊತ್ತು ತಂದು, ಗೋಡೆಯ ಮಗ್ಗುಲಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ಅವಳು ಕೂರುವ ಮೂಲೆ ಚಿತ್ರ ಬೀಳುವ ಗೋಡೆಗೇ ಅಂಟಿಕೊಂಡಿತ್ತು. ಅಲ್ಲಿಂದ ಚಿತ್ರ ಕಾಣುತ್ತಿರಲಿಲ್ಲ, ಹೆಂಗಸರ ಮುಖ ಕಾಣುತ್ತಿತ್ತು. ಹೀಗಾಗಿ ಊರಿನಲ್ಲಿ ಎಲ್ಲ ಸಿನಿಮಾಗಳಿಗೂ ಹೋದವಳು ಅಕ್ಕನೇ, ಒಂದನ್ನೂ ನೆಟ್ಟಗೆ ನೋಡದವಳೂ ಅವಳೇ. ಅವಳಿಗೆ ಸಿನಿಮಾ ಅಂದರೆ ಅವ್ವನ ದನಿ.

ಆ ದನಿ ಎಂಥದ್ದು ಎಂದು ಹೇಗೆ ಹೇಳಲಿ? ಹಾಡು ಬಂದಾಗ ಅವ್ವ ಸುಮ್ಮನಿರುತ್ತಿದ್ದಳು. ಮಾತು ಬಂದಾಗ ಅದರ ಬೆನ್ನಿಗೇ ಕನ್ನಡ ಬರುತ್ತಿತ್ತು. ಅತ್ತೆ ಬೈದರೆ ಅವ್ವನ ಬಾಯಲ್ಲಿ ನಮ್ಮೂರಿನ ಅತ್ತೆಯೇ ಬೈದಂತೆ. ಪರದೆಯ ಆಚೆಯಿಂದ ಗಂಡಸರು "ಸದ್ದು, ಸದ್ದು" ಎಂದು ಕೂಗಿದರೆ ಮುದುಕಿಯರು ಇಲ್ಲಿಂದಲೇ ಅವರ ಬಾಯಿ ಮುಚ್ಚಿಸುತ್ತಿದ್ದರು.

ಒಂದು ಸಲ ಒಂದು ಚಿತ್ರ ಬಂತು. ಗಂಡ ಅನುಮಾನಪಟ್ಟು ಹೊರಗೆ ಹಾಕುತ್ತಾನೆ, ಹೆಂಡತಿ ಹೊಳೆಗೆ ಹಾರುತ್ತಾಳೆ. ಚಾಪೆಯ ಮೇಲೆ ಒಬ್ಬ ಬಸುರಿ ಹೆಂಗಸು ಕೂತಿದ್ದಳು. ಅವಳ ತಂಗಿ ಹಿಂದಿನ ಮಳೆಗಾಲದಲ್ಲಿ ಕಾವೇರಿಗೆ ಬಿದ್ದು ಸತ್ತಿದ್ದಳು, ಬಿದ್ದಳೋ ಹಾರಿದಳೋ ಎಂದು ಊರು ಇನ್ನೂ ಪಿಸುಗುಟ್ಟುತ್ತಿತ್ತು. ಗೋಡೆಯ ಮೇಲೆ ಆ ಹೆಣ್ಣು ದಡದಲ್ಲಿ ನಿಂತದ್ದೇ ಬಸುರಿ ಉಸಿರು ಕಟ್ಟಿ ನಡುಗತೊಡಗಿದಳು. ಅವ್ವ ಅವಳ ಬೆನ್ನ ಮೇಲೆ ಕೈಯಿಟ್ಟು, ದನಿ ಒಂಚೂರೂ ಅಲುಗದಂತೆ, "ಅಗೋ, ಅಂಬಿಗರವನು ನೋಡ್ದ. ಎತ್ಕೊಂಡ. ಅವ್ಳು ಅಣ್ಣನ ಮನೆ ಸೇರ್ಕಂಡ್ಲು" ಅಂದಳು. ಗೋಡೆಯ ಮೇಲೆ ಅಂಬಿಗನೂ ಇರಲಿಲ್ಲ, ಅಣ್ಣನೂ ಇರಲಿಲ್ಲ. ಕೊನೆಯಲ್ಲಿ ಗಂಡ ಹೆಂಡತಿಯ ಪಟಕ್ಕೆ ಹಾರ ಹಾಕಿ ಅಳುತ್ತಿದ್ದ. ಹೆಂಗಸರು ಗಾಬರಿಯಾಗಿ ಅವ್ವನ ಕಡೆ ತಿರುಗಿದರು. "ಸತ್ಲು ಅಂದ್ಕಂಡವ್ನೆ ಮುಠ್ಠಾಳ. ಅಳ್ಲಿ ಬುಡಿ, ಬುದ್ಧಿ ಬರ್ಲಿ" ಅಂದಳು ಅವ್ವ. ಇಡೀ ಹೆಂಗಸರ ಬದಿ ನಕ್ಕಿತು. ಆ ಬಸುರಿಯೂ ಕಣ್ಣೊರಸಿಕೊಂಡು ನಕ್ಕಳು.

ಮನೆಗೆ ಬಂದು ಮುದ್ದೆ ಮುರಿಯುವಾಗ ಅಕ್ಕ ಕೇಳಿದಳು. "ನಿಜ್ವಾಗ್ಲೂ ಬದುಕ್ಕಂಡ್ಲಾ ಅವ್ವ?"

"ಎಲ್ಲಿ ಬದುಕ್ತಾಳೆ ಕಣೆ, ಸತ್ತೋದ್ಲು" ಎಂದು ಅವ್ವ ಸಾರು ಬಡಿಸಿದಳು. "ಆ ಹುಡುಗಿ ಮುಂದೆ ಹೆಂಗೆ ಹೇಳ್ಲಿ?"

ಅಲ್ಲಿಂದ ಅದು ರೂಢಿಯಾಯಿತು. ಗೋಡೆಯ ಮೇಲೆ ಸತ್ತವರನ್ನು ಅವ್ವ ಬದುಕಿಸುತ್ತಿದ್ದಳು, ಬಿಟ್ಟುಹೋದವರನ್ನು ವಾಪಸು ಕರೆಸುತ್ತಿದ್ದಳು. ನಿಜವಾದ ಕೊನೆ ನಮ್ಮ ಅಡುಗೆಮನೆಯಲ್ಲಿ ಮಾತ್ರ, ನಮ್ಮಿಬ್ಬರಿಗೆ ಮಾತ್ರ. ಆಚೆ ಬದಿಯಲ್ಲಿ ಎಸ್ಟೇಟ್ ಲಾರಿಯಲ್ಲಿ ಬರುತ್ತಿದ್ದ ತಮಿಳರು ಗಂಡಸರಿಗೆ ಇದ್ದ ಕಥೆಯನ್ನೇ ಬಿಡಿಸಿ ಹೇಳುತ್ತಿದ್ದರು, ಅದರಿಂದ ಮನೆಮನೆಯಲ್ಲೂ ಜಗಳ. ಅವಳು ಸತ್ತಳು ಎಂದು ಗಂಡ, ಅಣ್ಣನ ಮನೆ ಸೇರಿದಳು ಎಂದು ಹೆಂಡತಿ. ನಿಮಗೇನು ಗೊತ್ತು ತಮಿಳು, ಪಾಲಿಬೆಟ್ಟದಲ್ಲಿ ಹುಟ್ಟಿದವರು ಸುಳ್ಳು ಹೇಳುತ್ತಾರೆಯೇ ಎಂದು ಹೆಂಗಸರು ಗಂಡಂದಿರನ್ನು ದಬಾಯಿಸುತ್ತಿದ್ದರು. ಒಂದೇ ಗೋದಾಮಿನಲ್ಲಿ ಊರು ಎರಡು ಸಿನಿಮಾ ನೋಡುತ್ತಿತ್ತು. ಇದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಟಾಕೀಸಿನಿಂದ ನನ್ನ ಪಾಲಿಗೆ ಬಂದ ನಗು ಅಷ್ಟೇ.

ಮಷೀನು ಒಂದೇ ಇದ್ದದ್ದರಿಂದ ರೀಲು ಮುಗಿದಾಗಲೆಲ್ಲ ಆಟ ನಿಂತು ದೀಪ ಹತ್ತಿಕೊಳ್ಳುತ್ತಿತ್ತು. ಹೆಂಗಸರ ಬದಿಯಲ್ಲಿ ಆ ಬಿಡುವು ಕೆಲಸಕ್ಕೆ ಬಂತು. ಬೇರೆ ಬೇರೆ ಮನೆಯ ಹೆಂಗಸರು ಒಂದೇ ಚಾಪೆಯ ಮೇಲೆ ಸೇರುವ ಜಾಗ ಊರಿನಲ್ಲಿ ಇನ್ನೊಂದಿರಲಿಲ್ಲ. ದೀಪ ಬಂದರೆ ಸಾಕು, ಯಾರ ಮಗಳು ಬೆಳೆದಿದ್ದಾಳೆ, ಯಾರ ಜಡೆ ಉದ್ದ ಎಂದು ನೋಡುತ್ತಿದ್ದರು. ಹೆಣ್ಣು ನೋಡುವ ಶಾಸ್ತ್ರಕ್ಕೆ ಮೊದಲು ಟಾಕೀಸಿನಲ್ಲಿ ನೋಡಿಕೊಳ್ಳುವುದು ರೂಢಿಯೇ ಆಗಿಹೋಯಿತು. ಗಂಡಿನ ತಾಯಿ ಒಂದು ಮೊಳದಷ್ಟು ದೂರದಲ್ಲಿ ಕೂತು, ಹುಡುಗಿ ಅಳುವ ಸೀನಿಗೆ ಅಳುತ್ತಾಳೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದಳು.

ಅಕ್ಕನನ್ನು ಹಾಗೆ ನೋಡಿದ್ದು ಮಾದಾಪುರದಮ್ಮ. ಮಾದಾಪುರದ ಕಡೆ ಅವರಿಗೆ ಕಾಫಿ ತೋಟವಿತ್ತು. ನಮ್ಮೂರಿನಲ್ಲಿ ಅವರ ತಂಗಿಯ ಮನೆ. ತಂಗಿಯ ನೆಪ ಹೇಳಿಕೊಂಡು ಸಿನಿಮಾಕ್ಕೇ ಬರುತ್ತಿದ್ದರು. ಅಷ್ಟು ಚೆನ್ನಾಗಿ ಅಳುವವರನ್ನು ನಾನು ಮತ್ತೆ ಕಂಡಿಲ್ಲ. ಎರಡು ಸೆರಗು ತೋಯುವಷ್ಟು ಅತ್ತು, ಅವ್ವನ ಹೆಗಲಿಗೆ ತಲೆಯಿಡುತ್ತಿದ್ದರು. ಒಂದು ಸಂಜೆ ದೀಪ ಹತ್ತಿದಾಗ ಅಕ್ಕನ ಕೈಯಿಂದ ನೀರಿನ ಲೋಟ ಇಸಿದುಕೊಂಡು, ಅವಳ ಮುಖವನ್ನೇ ನೋಡಿ, "ಅಕ್ಕಾರೆ, ಈ ಕೈಯಿ ನಮ್ಮನೆ ನೀರು ತುಂಬ್ಲಿ. ನನ್ ಮಗನಿಗೆ ಕೊಡಿ" ಅಂದುಬಿಟ್ಟರು. ಅಷ್ಟರಲ್ಲಿ ಮುಂದಿನ ರೀಲು ಶುರುವಾಗಿ ದೀಪ ಆರಿತು. ಕತ್ತಲೆಯಲ್ಲಿ ಅವ್ವ ಆ ಚಿತ್ರದ ಕಥೆಯನ್ನು ತಪ್ಪುತಪ್ಪಾಗಿ ಹೇಳಿದಳು. ಅಷ್ಟು ಸಂತೋಷವಾಗಿತ್ತು ಅವಳಿಗೆ.

ಹುಡುಗ ಬಂದ, ನೋಡಿದ, ಒಪ್ಪಿದ. ವೀಳ್ಯ ಬದಲಾಯಿಸಿದರು. ಅಕ್ಕ ಬಿಂದಿಗೆ ಹೊತ್ತು ಹೋಗುವಾಗ ತನ್ನಷ್ಟಕ್ಕೆ ಗುನುಗುತ್ತಿದ್ದಳು. ಅವಳು ಗುನುಗುವುದನ್ನು ನಾನು ಮೊದಲು ಕೇಳಿದ್ದು ಆಗ, ಕೊನೆಗೆ ಕೇಳಿದ್ದೂ ಆಗಲೇ.

ಮಳೆ ಹಿಡಿಯುವ ಮೊದಲು ಮದುವೆ ಎಂದಿತ್ತು. ಮಳೆಯೂ ಹಿಡಿಯಿತು, ಬಿಟ್ಟಿತು, ಮಾದಾಪುರದಿಂದ ಸುದ್ದಿಯಿಲ್ಲ. ಕೊನೆಗೆ ಆಕೆಯ ತಂಗಿ ಬಂದು ನಮ್ಮ ಹೊಸಲಿನ ಹೊರಗೇ ನಿಂತು, "ನಮ್ ಭಾವ ಒಪ್ತಿಲ್ಲ ಅಕ್ಕಾ. ಟಾಕೀಸಿನ ಬಾಗ್ಲು ಕಾಯೋರ ಮಗ್ಳು, ಕಂಡೋರಿಗೆಲ್ಲ ಕತ್ಲಲ್ಲಿ ನೀರು ಕೊಡೋಳು ಅಂತವ್ರೆ. ನಮ್ಮಕ್ಕಂಗೂ ಭಾಳ ನೋವು" ಅಂದಳು. ಕಂಡವರು ಯಾರು? ಇವಳೇ, ಇವಳ ಅಕ್ಕನೇ! ಆ ಬಾಗಿಲಲ್ಲಿ ಅವ್ವ ಕೂತಿದ್ದರಿಂದಲೇ ಮಾನವಂತರು ಒಳಗೆ ಕಾಲಿಟ್ಟದ್ದು. ಅವರಿಗೆ ಬೇಕಾದ ಮರ್ಯಾದೆಯನ್ನೆಲ್ಲ ನಮ್ಮ ಮನೆಯಿಂದ ತೆಗೆದುಕೊಂಡು, ನಮಗೆ ಇಲ್ಲವೆಂದರು. ಇದನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಮಾರನೆಯ ಸಂಜೆ ಅವ್ವ ಹಣೆಗೆ ವಿಭೂತಿ ಹಚ್ಚಿಕೊಂಡು ಬಾಗಿಲಲ್ಲಿ ಹೋಗಿ ಕೂತಳು. ನುಚ್ಚು ಬೇಕಲ್ಲ. ಅಕ್ಕನೂ ಬಿಂದಿಗೆ ಹೊತ್ತಳು.

ಪುತ್ತರಿ ಕಳೆದ ಮೇಲೆ ಒಂದು ಸಂಜೆ ಮಾದಾಪುರದಮ್ಮ ಟಾಕೀಸಿಗೆ ಬಂದರು. ಜೊತೆಯಲ್ಲಿ ಹೊಸ ಸೊಸೆ. ಕೈ ತುಂಬ ಹಸಿರು ಬಳೆ. ಮುಖ ಮರೆಸಿಕೊಂಡಾದರೂ ಬರಬಹುದಿತ್ತು, ಇಲ್ಲ. ತಮ್ಮ ಮಾಮೂಲಿ ಜಾಗದಲ್ಲಿ, ಅವ್ವನ ಮಗ್ಗುಲಲ್ಲೇ ಕೂತು, "ನಮ್ ಹುಡ್ಗಿಗೂ ಒಸಿ ಬಿಡಿಸಿ ಹೇಳಿ ಅಕ್ಕಾರೆ, ಇವ್ಳಿಗೆ ತಮಿಳು ಬರಲ್ಲ" ಅಂದರು. ಕೆಟ್ಟವರಲ್ಲ ಆಕೆ. ಏನಾಯಿತೆಂದೇ ಅವರಿಗೆ ಗೊತ್ತಾಗಿರಲಿಲ್ಲ. ಅಂಥವರನ್ನು ಕಂಡರೆ ನನಗೆ ಕೆಟ್ಟವರಿಗಿಂತ ಹೆಚ್ಚು ಭಯ.

ಚಿತ್ರದಲ್ಲಿ ಒಬ್ಬಳು ಕುಣಿಯುವವಳು, ಅವಳಿಗೊಬ್ಬ ಮಗಳು. ದೊಡ್ಡ ಮನೆಯ ಹುಡುಗ ಮಗಳನ್ನು ಒಪ್ಪುತ್ತಾನೆ. ತಾಯಿಯ ಕಸುಬು ತಿಳಿದು ಅವನ ಮನೆಯವರು ಹುಡುಗಿಯನ್ನು ಬಾಗಿಲಿಂದಲೇ ತಿರುಗಿಸಿ ಕಳಿಸುತ್ತಾರೆ. ಇದನ್ನೆಲ್ಲ ಅವ್ವ ಒಂದಕ್ಷರ ಬಿಡದೆ ಹೇಳಿದಳು. ಮಾದಾಪುರದಮ್ಮ ಅಳತೊಡಗಿದರು. ದೀಪ ಹತ್ತಿದಾಗ ಕಣ್ಣು ಮೂಗು ಕೆಂಪಾಗಿತ್ತು. "ಅಯ್ಯೋ ಶಿವನೇ, ಎಂಥ ಕಲ್ಲೆದೆ ಜನ! ಆ ಮಗಾ ಏನು ತಪ್ಪು ಮಾಡಿತ್ತು?" ಎಂದು ಎಲ್ಲರಿಗೂ ಕೇಳಿಸುವಂತೆ ಅಂದರು. ಆಮೇಲೆ ಅಕ್ಕನ ಕಡೆ ಕೈ ಚಾಚಿದರು. "ಒಂದ್ಲೋಟ ನೀರು ಕೊಡವ್ವ. ಇವ್ಳಿಗೂ ಕೊಡು."

ಅಕ್ಕ ಕೊಟ್ಟಳು. ಮೊದಲು ಅತ್ತೆಗೆ, ಆಮೇಲೆ ಸೊಸೆಗೆ. ಲೋಟ ತೊಳೆದು ಬೋರಲು ಇಟ್ಟಳು. ಅವ್ವ ಅದನ್ನು ನೋಡುತ್ತ ಕೂತಿದ್ದಳು. ದೀಪ ಆರಿತು.

ಕೊನೆಯ ರೀಲಿನಲ್ಲಿ ಆ ಹುಡುಗಿ ಜ್ವರ ಬಂದು ಮಂಚ ಹಿಡಿದಿದ್ದಳು. ಆಗ ಬಾಗಿಲು ತೆಗೆದು ಹುಡುಗ ಬಂದ. ವಾಲಗ, ಹೂವು, ತಾಳಿ. ಪರದೆಯ ಆಚೆ ಗಂಡಸರು ಸಿಳ್ಳೆ ಹಾಕಿದರು. ಈ ಬದಿಯಲ್ಲೂ ಯಾರೋ "ಬಂದ, ಬಂದ" ಅಂದರು. ಆಗ ಅವ್ವನ ದನಿ ಎದ್ದಿತು.

"ಬರ್ಲಿಲ್ಲ. ಇದು ಜ್ವರದಲ್ಲಿ ಅವ್ಳಿಗೆ ಬಿದ್ದ ಕನಸು. ಯಾರೂ ಬರ್ಲಿಲ್ಲ. ಅವ್ಳು ಹಂಗೇ ಕಣ್ಣು ಮುಚ್ಕಂಡ್ಲು."

ಗೋಡೆಯ ಮೇಲೆ ಅಕ್ಷತೆ ಬೀಳುತ್ತಿತ್ತು. ಹೆಂಗಸರ ಬದಿಯಲ್ಲಿ ಒಂದು ಹೆಣದ ಮನೆಯಲ್ಲಿ ಏಳುವಂಥ ಅಳು ಎದ್ದಿತು. "ಒಬ್ಬರಾದ್ರೂ ಕೈ ಹಿಡೀಲಿಲ್ವಾ ಅಕ್ಕಾರೆ?" ಎಂದು ಮಾದಾಪುರದಮ್ಮ ಬಿಕ್ಕಿದರು. "ಇಲ್ಲ" ಅಂದಳು ಅವ್ವ. "ಆ ಮನೆಯೋರು ಬೇರೆ ಹುಡ್ಗಿ ತಂದ್ಕಂಡ್ರು."

ನಾನು ಅಕ್ಕನ ಕಡೆ ನೋಡಿದೆ. ಅವಳು ಯಾವಾಗಿನಂತೆ ಗೋಡೆಗೆ ಒರಗಿ, ಅಳುವ ಮುಖಗಳನ್ನು ನೋಡುತ್ತ ಕೂತಿದ್ದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

ಆ ದಿನ ಮನೆಗೆ ಬಂದ ಅವ್ವ ಊಟಕ್ಕೆ ಏಳಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಅಡುಗೆಮನೆಯಲ್ಲಿ ನಿಜವಾದ ಕೊನೆ ಹೇಳುವ ರೂಢಿ ಅವತ್ತು ತಪ್ಪಿತು. ಹೇಳಲಿಲ್ಲವಾದ್ದರಿಂದ ಅವತ್ತು ಬದಲಾಯಿಸಿದ್ದು ಏನೂ ಇಲ್ಲವೆಂದು ಅಕ್ಕ ತಿಳಿದಳು. ಅವಳ ಜಾಗದಲ್ಲಿ ಯಾರಿದ್ದರೂ ಹಾಗೇ ತಿಳಿಯುತ್ತಿದ್ದರು.

ಟಾಕೀಸಿನ ಕಥೆ ಬೇಗ ಮುಗಿಸುತ್ತೇನೆ. ಅಷ್ಟು ವರ್ಷ ಗಂಡಂದಿರು ಅವಳು ಸತ್ತಳು ಅಂದಾಗ ನಂಬದಿದ್ದ ಹೆಂಗಸರು, ಈ ಸಲ ಗಂಡಂದಿರು ಮದುವೆಯಾಯಿತಲ್ಲ ಅಂದ ಕೂಡಲೇ ನಂಬಿದರು. ನಮಗೆ ಹೇಳಿದ್ದೆಲ್ಲ ಸುಳ್ಳೇನು ಎಂದು ಅವ್ವನ ಮೇಲೆ ಹರಿಹಾಯ್ದರು. ಅಕ್ಕ ಮಾತ್ರ ಅವರ ಮಾತು ನಂಬಲಿಲ್ಲ, ನಿಜ ಬೇರೆಯಿದ್ದಿದ್ದರೆ ಅವ್ವ ಅಡುಗೆಮನೆಯಲ್ಲಿ ಹೇಳುತ್ತಿದ್ದಳು ಎಂದುಕೊಂಡಳು. ಸುಳ್ಳು ಸುಖದ್ದಾಗಿದ್ದಾಗ ಯಾರಿಗೂ ಬೇಕಿರದ ನಿಜ, ಈಗ ಎಲ್ಲರಿಗೂ ಬೇಕಾಯಿತು. ಸಾಹುಕಾರರು ಜಗಲಿಗೆ ಬಂದು, ಕೂರದೆ ನಿಂತೇ, "ಇನ್ನು ಬರೋದು ಬ್ಯಾಡ ಅಕ್ಕಾ" ಅಂದು ಹೋದರು. ಅವ್ವನ ಜಾಗಕ್ಕೆ ಬಂದವಳಿಗೆ ತಮಿಳು ಬರುತ್ತಿರಲಿಲ್ಲ. ಹೆಂಗಸರ ಚಾಪೆ ಮತ್ತೆ ಖಾಲಿಯಾಯಿತು. ಕೆಲವು ವರ್ಷಕ್ಕೆ ಕರೆಂಟು ಬಂತು, ಬೇರೆ ಕಡೆ ಕುರ್ಚಿ ಹಾಕಿದ ಟಾಕೀಸು ಬಂತು. ಈ ಹಳೆಯದರೊಳಗೆ ಮತ್ತೆ ಭತ್ತ ತುಂಬಿದರು, ಆಮೇಲೆ ಶುಂಠಿ. ಸುಣ್ಣ ಬಳಿದ ಆ ಗೋಡೆ ಮೂಟೆಗಳ ಹಿಂದೆ ಈಗಲೂ ಇದೆ. ನಾನು ನೋಡಲು ಹೋಗಿಲ್ಲ.

ಕೊಡಗು ಮೈಸೂರಿಗೆ ಸೇರುತ್ತದಂತೆ ಎಂದು ಊರೆಲ್ಲ ಅದೇ ಮಾತಾಡುತ್ತಿದ್ದಾಗ, ಹೊಳೆಯಾಚೆಯಿಂದ ಅಕ್ಕನಿಗೊಂದು ಸಂಬಂಧ ಬಂತು. ಹುಡುಗ ಸ್ಕೂಲು ಮೇಷ್ಟ್ರು. ಟಾಕೀಸಿನ ವಿಷಯ ಎಲ್ಲ ಗೊತ್ತಿದ್ದೇ ಬಂದಿದ್ದರು. ತಾಯಿ ಮಗ ಇಬ್ಬರೂ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಒಳಗೆ ಅಕ್ಕ ಸೀರೆ ಉಡಲು ಒಲ್ಲೆ ಅಂದಳು.

"ಬ್ಯಾಡ ಕಣವ್ವ. ನೋಡ್ತಾರೆ, ನೀರು ಇಸ್ಕಂಡು ಕುಡೀತಾರೆ, ಹೋಗ್ತಾರೆ. ನಮ್ಮಂಥೋರ್ಗೆ ಯಾರೂ ಬರಲ್ಲ. ನೀನೇ ಹೇಳಿದ್ಯಲ್ಲ."

ಅವ್ವ ಒಲೆಯ ಮುಂದೆ ಕುಸಿದು ಕೂತಳು. ಆಮೇಲೆ ಅಕ್ಕನ ಎರಡೂ ಕೈ ಹಿಡಿದುಕೊಂಡಳು. "ನಾನು ಸುಳ್ಳು ಹೇಳ್ದೆ ಕಣೆ ಅವತ್ತು. ಹೊಟ್ಟೆ ಉರಿದು ಹೇಳ್ದೆ. ಅವನು ಬಂದ ಕಣೆ. ಜ್ವರ ಬಿಟ್ಟು ಎದ್ದು ಕುಂತ್ಲು ಆ ಹುಡ್ಗಿ. ತಾಳಿ ಕಟ್ದ. ನನ್ನಾಣೆ."

"ಹೌದಕ್ಕ, ನಾನು ಚಾಪೆ ಮೇಲಿಂದ ಕಣ್ಣಾರೆ ನೋಡಿದೀನಿ" ಅಂದೆ ನಾನು.

ಅಕ್ಕ ನನ್ನ ಕಡೆ ನೋಡಿ ನಕ್ಕಳು. "ನಿಂಗೂ ಹೇಳ್ಕೊಟ್ಲಾ?" ಅಂದಳು. ಆಮೇಲೆ ಅವ್ವನ ಕೈಯಿಂದ ತನ್ನ ಕೈಗಳನ್ನು ಮೆಲ್ಲಗೆ ಬಿಡಿಸಿಕೊಂಡು, ಬಹಳ ಪ್ರೀತಿಯಿಂದ ಅವ್ವನ ಬೆನ್ನು ಸವರಿದಳು.

"ಆ ಬಸ್ರಿಗೆ ಹೇಳ್ದಂಗೆ ನಂಗೂ ಹೇಳ್ತಿದ್ದೀಯ. ಬುಡವ್ವ. ನಾನೇನು ಚಾಪೆ ಮೇಲೆ ಕುಂತೋಳಾ? ಮನೆ ಮಗಳು. ನಂಗೆ ನಿಜ ಗೊತ್ತು."

ಹೊರಗೆ ಮೇಷ್ಟ್ರ ತಾಯಿ ಕೆಮ್ಮಿ ಸದ್ದು ಮಾಡಿದರು. ಅವ್ವ ಎದ್ದು ಹೋಗಲಿಲ್ಲ, ನನ್ನನ್ನೇ ಕಳಿಸಿದಳು. ಹುಡುಗಿಗೆ ಮೈಗೆ ಹುಷಾರಿಲ್ಲ ಎಂದು ಹೇಳಿದೆ. ಅವರು ಪಾಪ ಇನ್ನೂ ಒಂದಷ್ಟು ಹೊತ್ತು ಕಾದು, ಲೋಟಗಳನ್ನು ಬದಿಗಿಟ್ಟು, ಸೇತುವೆಯ ಕಡೆ ನಡೆದರು.